14 ಓಟು ಬಿದ್ದವರು ಸೋತರು, 11 ಬಿದ್ದವರು ಗೆದ್ದರು: ಬೆಲ್ಲದೇಶದ ಚುನಾವಣೆ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಬೆಲ್ಲದೇಶ. ಜಮಖಂಡಿ ತಾಲ್ಲೂಕಿನ ನಮ್ಮ ಅಕ್ಕನ ಊರಲ್ಲಿ, ಗುಡಿ ಮುಂದಿನ ಬಯಲಿನಲ್ಲಿ ಮಕ್ಕಳು ಸುಣ್ಣದ ಪುಡಿಯಿಂದ ಬರೆದ ದೇಶ ಇದು. ಹೆಸರಿಟ್ಟವರೂ ಅವರೇ. ಊರ ಸುತ್ತ ಬರೀ ಕಬ್ಬು, ಇನ್ಯಾವ ಹೆಸರು ಹೊಳೆಯುತ್ತದೆ ಹೇಳಿ? ಐದು ಓಣಿ ಅಂದರೆ ಐದು ಕ್ಷೇತ್ರ. ಓಣಿಗೆ ಐದು ಮಕ್ಕಳಂತೆ 25 ಮತದಾರರು. ಪಾರ್ಲಿಮೆಂಟಿನಲ್ಲಿ ಐದು ಸೀಟು, ಮೂರು ಬಂದವರದ್ದು ಸರ್ಕಾರ. ಮಕ್ಕಳ ಮುಖ ತೋರಿಸುತ್ತಿಲ್ಲ, ಅವರ ಕೈ ಮಾತ್ರ ಕಾಣುತ್ತವೆ.

ಮೊದಲ ದಿನವೇ ಗದ್ದಲ. 25 ಮಂದಿಯೂ ಚುನಾವಣೆಗೆ ನಿಲ್ಲುತ್ತೇವೆ ಅಂದರು. ಆಗ ಅವರಿಗೆ ನಮ್ಮ ಪಕ್ಕದ ಬೆಳಗಾವಿಯ ಕಥೆ ಹೇಳಿದೆ. 1996ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ 456 ಜನ ಕಣದಲ್ಲಿದ್ದರು. ಅದೇ ವರ್ಷ ಕಾನೂನು ತಿದ್ದಿ, 500 ರೂಪಾಯಿ ಇದ್ದ ಠೇವಣಿಯನ್ನು 10,000ಕ್ಕೆ ಏರಿಸಿದರು. ಈಗ ಅದು 25,000. ಮಕ್ಕಳೂ ಠೇವಣಿ ಇಟ್ಟರು: ಐವತ್ತು ಹುಣಸೆ ಬೀಜ. ಸಂಜೆಯೊಳಗೆ ಹತ್ತು ಮಂದಿ ಉಳಿದರು, ಎರಡು ಪಕ್ಷ. ಒಂದರ ಗುರುತು ಕುಂಟಿ, ಅಂದರೆ ಹೊಲದಲ್ಲಿ ಕಳೆ ತೆಗೆಯುವ ಸಾಧನ, ಇನ್ನೊಂದರದು ಗಾಳಿಪಟ. ಗಾಳಿಪಟಕ್ಕೆ ನಾಯಕಿ ಅಕ್ಕನ ಮಗಳು, ಆರನೇ ಕ್ಲಾಸು.

ಇದು ಮತಗಟ್ಟೆ. ಪಡಸಾಲೆಗೆ ಅಡ್ಡ ಕಟ್ಟಿರುವುದು ಆಯಿಯ ಹಳೇ ಇಳಕಲ್ ಸೀರೆ. ಓಟಿನ ಪೆಟ್ಟಿಗೆ ಅಂದರೆ ರೊಟ್ಟಿ ಬುಟ್ಟಿ. ಬೆರಳಿಗೆ ಹಚ್ಚುವ ಶಾಯಿಯನ್ನು 1962ರಿಂದ ಮೈಸೂರಿನ ಸರ್ಕಾರಿ ಕಾರ್ಖಾನೆ ಮಾಡಿಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೇ ಹಿಡಿದುಬಿಡುತ್ತದೆ, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಮದರಂಗಿ. ಹಸಿ ಇದ್ದಾಗಲೇ ಒರೆಸಿಕೊಂಡು ಒಬ್ಬ ಎರಡನೇ ಸಲ ಬಂದ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಆಗಲೇ ಗೀಟು ಬಿದ್ದಿತ್ತು, ಹಾಗಾಗಿ ಸಿಕ್ಕಿಬಿದ್ದ. ನಿಜವಾದ ಮತಗಟ್ಟೆಯಲ್ಲೂ ಶಾಯಿ ಬೇಕು, ಪಟ್ಟಿಯೂ ಬೇಕು.

ಎಣಿಕೆ ಮುಗಿದಾಗ ಮೂರು ಓಣಿಯಲ್ಲಿ ಕುಂಟಿಗೆ ಮೂರು, ಗಾಳಿಪಟಕ್ಕೆ ಎರಡು. ಉಳಿದ ಎರಡು ಓಣಿಯಲ್ಲಿ ಗಾಳಿಪಟಕ್ಕೆ ನಾಲ್ಕು, ಕುಂಟಿಗೆ ಒಂದು. ಠೇವಣಿ ಯಾರದ್ದೂ ಹೋಗಲಿಲ್ಲ. ಬಿದ್ದ ಓಟಿನಲ್ಲಿ ಆರನೇ ಒಂದು ಪಾಲಿಗಿಂತ ಜಾಸ್ತಿ ಬಂದರೆ ಠೇವಣಿ ವಾಪಸ್, ಐದರಲ್ಲಿ ಒಂದು ಅದಕ್ಕಿಂತ ಜಾಸ್ತಿಯೇ. ಸರ್ಕಾರ ಮಾತ್ರ ಕುಂಟಿಯದ್ದಾಯಿತು, ಮೂರು ಸೀಟು.

ಅಕ್ಕನ ಮಗಳು ನೆಲದ ಮೇಲೆ ಕಡ್ಡಿಯಿಂದ ಕೂಡಿಸುತ್ತಾ ಕೂತಳು. ಗಾಳಿಪಟ 14, ಕುಂಟಿ 11. "ಮಾಮಾ, ಜಾಸ್ತಿ ಮಂದಿ ನಮಗ ಹಾಕ್ಯಾರ. ಮತ್ತ ನಾವ್ ಹೆಂಗ ಸೋತ್ವಿ?"

ನನಗೆ ಆ ಪ್ರಶ್ನೆ ಆಟದ ಪ್ರಶ್ನೆ ಅನಿಸಲಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲೇ ಕಾಂಗ್ರೆಸ್ಸಿಗೆ ಸುಮಾರು 38 ಶೇಕಡ ಓಟು, ಬಿಜೆಪಿಗೆ ಸುಮಾರು 36. ಆದರೆ 104 ಸೀಟಿನೊಂದಿಗೆ ದೊಡ್ಡ ಪಕ್ಷವಾಗಿದ್ದು ಬಿಜೆಪಿ. ಅಲ್ಲಿ ಮೋಸ ಏನೂ ಇರಲಿಲ್ಲ. ಒಂದೊಂದು ಕ್ಷೇತ್ರದಲ್ಲೂ ಯಾರು ಮುಂದೆ ಅನ್ನುವುದನ್ನಷ್ಟೇ ನಮ್ಮ ಪದ್ಧತಿ ನೋಡುತ್ತದೆ. ಒಂದೇ ಓಣಿಯಲ್ಲಿ ರಾಶಿ ಬಿದ್ದ ಓಟು ಪಕ್ಕದ ಓಣಿಗೆ ಹರಿಯುವುದಿಲ್ಲ. ಮಗು ಅಂತ ಸುಮ್ನೆ ಸಮಾಧಾನ ಮಾಡಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅವಳ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದೆ.

ನ್ಯೂಜಿಲೆಂಡಿನಲ್ಲೂ ಹೀಗೇ ಆಗಿತ್ತು, 1978ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ. ಜಾಸ್ತಿ ಓಟು ಲೇಬರ್ ಪಕ್ಷಕ್ಕೆ, ಜಾಸ್ತಿ ಸೀಟು ನ್ಯಾಷನಲ್ ಪಕ್ಷಕ್ಕೆ. 1993ರಲ್ಲಿ ಅಲ್ಲಿನ ಜನರ ಅಭಿಪ್ರಾಯ ಕೇಳಿ ಪದ್ಧತಿಯನ್ನೇ ಬದಲಿಸಿದರು. 1996ರಿಂದ ಅಲ್ಲಿ ಪಕ್ಷದ ಓಟಿನ ಪಾಲಿಗೆ ತಕ್ಕಂತೆ ಸೀಟು ಹಂಚುತ್ತಾರೆ. ಬೆಲ್ಲದೇಶಕ್ಕೂ ಲೆಕ್ಕ ಹಾಕಿ ನೋಡಿದೆವು. 25ರಲ್ಲಿ 14 ಅಂದರೆ ಐದು ಸೀಟಿನಲ್ಲಿ 2.8. ಹತ್ತಿರದ ಅಂಕಿ ಮೂರು. ಕುಂಟಿಗೆ ಎರಡು. ಸರ್ಕಾರವೇ ಬೇರೆಯವರದ್ದು!

"ಹಂಗಾರ ಈಗ ಬದಲ್ ಮಾಡೋಣು?" ಅಂದಳು. ಬೇಡ ಅಂದೆ. ಓಟು ಹಾಕುವಾಗ ಇದ್ದ ನಿಯಮಕ್ಕೇ ಫಲಿತಾಂಶ. ನನ್ನ ಗಟ್ಟಿ ಅಭಿಪ್ರಾಯ ಇದು. ಮುಂದಿನ ಸಲಕ್ಕೆ ಬೇಕಾದರೆ ಪಾರ್ಲಿಮೆಂಟಿನಲ್ಲಿ ಕೇಳು. ಆದರೆ ಒಂದು ಮಾತು, ಅಲ್ಲಿ ಮೂರು ಸೀಟಿರುವುದು ಇದೇ ನಿಯಮದಿಂದ ಗೆದ್ದವರದ್ದು. ಅವರ ಮನಸ್ಸು ಒಲಿಸಬೇಕು.

ರಾತ್ರಿ ಊಟ ಆದ ಮೇಲೆ ಬೇವಿನ ಗಿಡದ ಕಟ್ಟೆಯ ಮೇಲೆ ಪಾರ್ಲಿಮೆಂಟು ಸೇರಿತು. ಬೆಳಕು ಕಡಿಮೆ, ದನಿ ಮಾತ್ರ ಕೇಳಿಸುತ್ತದೆ. ಅವಳು ನೋಟ್‌ಬುಕ್ ಹಾಳೆ ಹಿಡಿದು ಓದಿದಳು. ಪರವಾಗಿ ಎರಡು ಕೈ, ವಿರುದ್ಧ ಮೂರು. ಬಿದ್ದುಹೋಯಿತು.

ಇದು ಮರುದಿನ ಬೆಳಿಗ್ಗೆ, ನಾನು ಬಸ್‌ಸ್ಟ್ಯಾಂಡಿಗೆ ಹೊರಟಾಗ ತೆಗೆದದ್ದು. ಅಗಸಿ ಓಣಿಯ ಕುಂಟಿ ಮೆಂಬರ್ ಮನೆ ಕಟ್ಟೆ. ಅದೇ ಹಾಳೆ ತೊಡೆಯ ಮೇಲಿದೆ. ಹುಣಸೆ ಬೀಜ ಸಾಲಾಗಿ ಜೋಡಿಸಿ, ಅವನಿಗೆ ಮೊದಲಿನಿಂದ ಲೆಕ್ಕ ಬಿಡಿಸಿ ಹೇಳುತ್ತಿದ್ದಾಳೆ.