ಆಡ್ರಾ ಮೆಕ್‌ಡೊನಾಲ್ಡ್ ಬಿಲ್ಲಿ ಹಾಲಿಡೇ ಆದದ್ದು ಹೇಗೆ? | ನ್ಯೂಯಾರ್ಕಿನಲ್ಲೊಂದು ಜಾಝ್ ನಡಿಗೆ

ನಮಸ್ಕಾರ. ರಂಗದ ಮೇಲೆ ದೊಡ್ಡ ಗಾಯಕಿಯೊಬ್ಬರ ಪಾತ್ರ ಮಾಡೋಕೆ ಒಳ್ಳೆ ಕಂಠ ಬೇಕು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಅಮೆರಿಕದ ರಂಗನಟಿ, ಗಾಯಕಿ ಆಡ್ರಾ ಮೆಕ್‌ಡೊನಾಲ್ಡ್ ಅವರಿಗೆ ಅಂಥ ಕಂಠ ಇತ್ತು. ಆದ್ರೆ ಹಳೇ ಕಾಲದ ಹೆಸರಾಂತ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಆಗೋಕೆ ಅವರು ಮೊದಲು ಆ ಕಂಠವನ್ನೇ ಬದಿಗಿಡಬೇಕಾಯ್ತು.

ಆಡ್ರಾ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತವರು, ಸೊಪ್ರಾನೊ, ಅಂದ್ರೆ ಹೆಣ್ಣು ದನಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ತಾರಸ್ಥಾಯಿಗೆ ಹೋದ್ರೂ ದನಿ ಒಂಚೂರು ಬಿರಿಯಲ್ಲ, ದೊಡ್ಡ ಥಿಯೇಟರಿನ ಕೊನೇ ಸಾಲಿನವರೆಗೂ ತುಂಬಿಕೊಳ್ಳುತ್ತೆ. ಬಿಲ್ಲಿ ಹಾಲಿಡೇ ದನಿ ಇದಕ್ಕೆ ಪೂರ್ತಿ ಉಲ್ಟಾ. ಸಣ್ಣ ದನಿ, ಸ್ವಲ್ಪ ಮೂಗು, ಓಡಾಟ ಒಂದು ಸ್ಥಾಯಿಗಿಂತ ತುಸು ಹೆಚ್ಚು ಅಷ್ಟೇ. ಕೊನೇ ವರ್ಷಗಳಲ್ಲಂತೂ ಅದೂ ಒಡೆದು ಒರಟಾಗಿತ್ತು. ಆದ್ರೂ ಒಂದೇ ಸಾಲು ಕೇಳಿದ್ರೆ ಸಾಕು, ಇದು ಬಿಲ್ಲಿ ಅಂತ ಗೊತ್ತಾಗಿಬಿಡುತ್ತೆ.

ಆಡ್ರಾ ಬಿಲ್ಲಿ ಆದ ನಾಟಕದ ಹೆಸರು 'ಲೇಡಿ ಡೇ ಅಟ್ ಎಮರ್ಸನ್ಸ್ ಬಾರ್ ಅಂಡ್ ಗ್ರಿಲ್'. ಲೇಡಿ ಡೇ ಅನ್ನೋದು ಬಿಲ್ಲಿಯ ಅಡ್ಡಹೆಸರು; ಒಂದು ಬಾರಲ್ಲಿ ಬಿಲ್ಲಿ ಹಾಡ್ತಾ, ಮಧ್ಯೆ ತನ್ನ ಕಥೆ ಹೇಳ್ಕೊಳ್ಳೋ ನಾಟಕ ಇದು. ಬರೆದವರು ಲೇನಿ ರಾಬರ್ಟ್‌ಸನ್, ಮೊದಲ ಪ್ರದರ್ಶನ 1986ರಲ್ಲಿ. ಆಡ್ರಾ ಇದನ್ನ ಬ್ರಾಡ್‌ವೇನಲ್ಲಿ, ಅಂದ್ರೆ ನ್ಯೂಯಾರ್ಕಿನ ಹೆಸರಾಂತ ನಾಟಕರಂಗದಲ್ಲಿ, ಆಡಿದ್ದು 2014ರಲ್ಲಿ, ನಿರ್ದೇಶನ ಲಾನಿ ಪ್ರೈಸ್ ಅವರದು. ನಾನು ನೋಡಿರೋದು ಎಚ್‌ಬಿಒ ಟಿವಿ ಚಾನೆಲ್ 2016ರಲ್ಲಿ ತೋರಿಸಿದ ಚಿತ್ರೀಕರಣ, ನ್ಯೂ ಆರ್ಲಿಯನ್ಸ್‌ನ ಒಂದು ಕೆಫೆಯಲ್ಲಿ ಪ್ರೇಕ್ಷಕರನ್ನ ಎದುರಿಗೆ ಕೂರಿಸಿಕೊಂಡೇ ಆಡಿದ್ದು. ಎಷ್ಟು ಸಲ ನೋಡಿದೀನಿ ಅಂತ ಕೇಳಬೇಡಿ. ಆ ನಾಟಕಕ್ಕೂ ನ್ಯೂಯಾರ್ಕಿನ ಬೀದಿಗಳಿಗೂ ಇರೋ ನಂಟನ್ನ ಕಣ್ಣಾರೆ ನೋಡಬೇಕು ಅಂತಲೇ ಇವತ್ತು ಬಂದಿರೋದು.

ಈಗ ನೀವು ನೋಡ್ತಿರೋದು ಶೆರಿಡನ್ ಸ್ಕ್ವೇರ್, ಗ್ರೀನಿಚ್ ವಿಲೇಜ್. ಈ 1ನೇ ನಂಬರ್ ಕಟ್ಟಡದ ನೆಲಮಾಳಿಗೆಯಲ್ಲಿ 1938ರ ಕೊನೆಗೆ ಕೆಫೆ ಸೊಸೈಟಿ ಅಂತ ಒಂದು ಕ್ಲಬ್ ಶುರುವಾಯ್ತು. ನಡೆಸ್ತಿದ್ದವರು ಬಾರ್ನಿ ಜೋಸೆಫ್ಸನ್. ಕರಿಯರು, ಬಿಳಿಯರು ಅನ್ನೋ ಭೇದ ಇಲ್ಲದೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಜಾಗ ಇದು. ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. 23 ವರ್ಷದ ಬಿಲ್ಲಿ ಇಲ್ಲಿ ಹಾಡ್ತಾ ಇದ್ರು. 'ಸ್ಟ್ರೇಂಜ್ ಫ್ರೂಟ್' ಹಾಡು 1939ರಲ್ಲಿ ಇಲ್ಲೇ ಜನರ ಕಿವಿಗೆ ಬಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನ ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕ್ತಿದ್ದ ಕ್ರೌರ್ಯದ ಬಗ್ಗೆ ಏಬಲ್ ಮೀರೊಪೋಲ್ ಅನ್ನೋ ಶಾಲಾಮೇಷ್ಟ್ರು ಬರೆದ ಕವಿತೆ ಅದು.

ಅದನ್ನ ಹಾಡೋ ಕ್ರಮ ಹೇಗಿತ್ತು ಅಂದ್ರೆ, ಮೊದಲು ವೇಟರ್‌ಗಳು ಸರ್ವ್ ಮಾಡೋದು ನಿಲ್ಲಿಸಬೇಕು. ದೀಪ ಎಲ್ಲಾ ಆರಿಸಬೇಕು. ಬಿಲ್ಲಿ ಮುಖದ ಮೇಲೆ ಮಾತ್ರ ಒಂದು ಬೆಳಕು. ಹಾಡು ಮುಗಿದ ತಕ್ಷಣ ಆ ಬೆಳಕೂ ಹೋಗುತ್ತೆ, ಮತ್ತೆ ಬಂದಾಗ ಬಿಲ್ಲಿ ಅಲ್ಲಿರಲ್ಲ. ಎಷ್ಟೇ ಚಪ್ಪಾಳೆ ಹೊಡೆದ್ರೂ ವಾಪಸ್ ಬರ್ತಿರಲಿಲ್ಲ. ಅವರ ರೆಕಾರ್ಡ್ ಕಂಪನಿ ಕೊಲಂಬಿಯಾ ಈ ಹಾಡು ಬೇಡ ಅಂದ್ಬಿಡ್ತು. ಕಡೆಗೆ ಕಮೊಡೋರ್ ಅನ್ನೋ ಸಣ್ಣ ಸಂಸ್ಥೆಗೆ ಹಾಡಿದ್ರು. ಬಿಲ್ಲಿಗೆ ಈ ಹಾಡು ಸ್ವಂತದ್ದೂ ಹೌದು. ಅವರ ತಂದೆ ಕ್ಲಾರೆನ್ಸ್ 1937ರಲ್ಲಿ ಟೆಕ್ಸಸ್‌ನಲ್ಲಿ ತೀರಿಕೊಂಡಿದ್ರು. ಕರಿಯರು ಅನ್ನೋ ಕಾರಣಕ್ಕೆ ಸಮಯಕ್ಕೆ ಚಿಕಿತ್ಸೆ ಸಿಗಲಿಲ್ಲ ಅನ್ನೋ ನೋವು ಮಗಳಿಗೆ ಕೊನೇವರೆಗೂ ಇತ್ತು.

ಅಲ್ಲಿಂದ ನಾಲ್ಕು ಹೆಜ್ಜೆ. ಇದೇ ಶೆರಿಡನ್ ಸ್ಕ್ವೇರಿನ 5ನೇ ನಂಬರಿನಲ್ಲಿ 1951ರಲ್ಲಿ ಒಂದು ನಾಟಕ ತಂಡ ಹುಟ್ಟಿತು, ಮುಚ್ಚಿಹೋಗಿದ್ದ ಒಂದು ನೈಟ್‌ಕ್ಲಬ್ಬಿನ ಜಾಗದಲ್ಲಿ. ಹೆಸರು ಸರ್ಕಲ್ ಇನ್ ದ ಸ್ಕ್ವೇರ್. ಆಡ್ರಾ ಬಿಲ್ಲಿ ಆಗಿ ನಿಂತದ್ದು ಅದೇ ಸಂಸ್ಥೆಯ ಬ್ರಾಡ್‌ವೇ ಥಿಯೇಟರಿನಲ್ಲಿ. ಬಿಲ್ಲಿ ಆ ಹಾಡು ಹಾಡಿದ ಬಾಗಿಲಿನ ಪಕ್ಕದಲ್ಲೇ ಹುಟ್ಟಿದ ತಂಡ, ಎಷ್ಟೋ ದಶಕ ಆದ್ಮೇಲೆ ಬಿಲ್ಲಿಗೆ ರಂಗ ಕೊಟ್ಟಿತು. ಇದು ಗೊತ್ತಾದಾಗ ನಂಗೆ ಮೈ ಝುಂ ಅಂತು.

ಒಂದನೇ ನಂಬರ್ ಟ್ರೈನ್ ಹತ್ತಿ 50ನೇ ಬೀದಿಯಲ್ಲಿ ಇಳಿದ್ವಿ. ಥಿಯೇಟರ್ ಇಲ್ಲೇ ಇದೆ, ಆದ್ರೆ ಮೊದಲು 52ನೇ ಬೀದಿಗೆ ಹೋಗೋಣ, ಐದನೇ ಮತ್ತೆ ಆರನೇ ಅವೆನ್ಯೂ ನಡುವೆ. ಈಗ ಎಲ್ಲಾ ಎತ್ತರದ ಆಫೀಸ್ ಕಟ್ಟಡಗಳು. 1930–40ರ ದಶಕಗಳಲ್ಲಿ ಇಲ್ಲಿ ಬಾಗಿಲಿಗೊಂದು ಜಾಝ್ ಕ್ಲಬ್ ಇತ್ತು, ಬಿಲ್ಲಿ ಇಲ್ಲಿನ ರಾಣಿ. 1947ರಲ್ಲಿ ಮಾದಕ ವಸ್ತುವಿನ ಕೇಸಲ್ಲಿ ಶಿಕ್ಷೆ ಆಯ್ತು. ತೀರ್ಪು ಬಂದದ್ದು ಫಿಲಡೆಲ್ಫಿಯಾದ ಕೋರ್ಟಲ್ಲಿ, ಜೈಲು ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್‌ನಲ್ಲಿ. ಹೊರಗೆ ಬಂದ ಮೇಲೆ ಶಿಕ್ಷೆ ಮುಗೀಬೇಕಿತ್ತು ಅಲ್ವಾ? ಮುಗೀಲಿಲ್ಲ. ನ್ಯೂಯಾರ್ಕಲ್ಲಿ ಮದ್ಯ ಮಾರೋ ಜಾಗದಲ್ಲಿ ಹಾಡಬೇಕು ಅಂದ್ರೆ ಪೊಲೀಸರು ಕೊಡೋ ಕ್ಯಾಬರೆ ಕಾರ್ಡ್ ಬೇಕಿತ್ತು. ಬಿಲ್ಲಿಗೆ ಅದನ್ನ ಇಲ್ಲ ಅಂದ್ರು. ಜಾಝ್ ಕ್ಲಬ್ ಅಂದ್ಮೇಲೆ ಮದ್ಯ ಇದ್ದೇ ಇರುತ್ತೆ. ಅಂದ್ರೆ ತನ್ನದೇ ಬೀದಿಯ ಬಾಗಿಲುಗಳೆಲ್ಲ ಒಂದೇ ಏಟಿಗೆ ಮುಚ್ಚಿದ ಹಾಗೆ.

ಇಲ್ಲಿಂದ ಐದು ಬೀದಿ ಮೇಲೆ ಹೋದ್ರೆ ಕಾರ್ನೆಗಿ ಹಾಲ್. ಬಿಡುಗಡೆಯಾದ ಕೆಲವೇ ದಿನಕ್ಕೆ, 1948ರ ಮಾರ್ಚ್ 27ರಂದು, ಬಿಲ್ಲಿ ಅಲ್ಲಿ ಹಾಡಿದ್ರು, ಹಾಲ್ ತುಂಬಿ ತುಳುಕಿತು. ಈ ದೇಶದ ಅತಿ ಪ್ರತಿಷ್ಠಿತ ಸಂಗೀತ ಸಭಾಂಗಣಗಳಲ್ಲಿ ಒಂದರಲ್ಲಿ ಹಾಡಬಹುದು, ಎರಡು ಡಜನ್ ಮೇಜು ಹಾಕಿದ ಕ್ಲಬ್ಬಲ್ಲಿ ಹಾಡೋ ಹಾಗಿಲ್ಲ! ದಿನದ ಅನ್ನ ಬರೋದು ಮಾತ್ರ ಆ ಕ್ಲಬ್‌ಗಳಿಂದಲೇ. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಕೂಡ ಹೀಗೇ ಕಾರ್ಡ್ ಕಳ್ಕೊಂಡು ವರ್ಷಗಟ್ಟಲೆ ಒದ್ದಾಡಿದ್ರು. ಆ ಪದ್ಧತಿ 1967ರಲ್ಲಿ ಹೋಯ್ತು, ಅಷ್ಟೊತ್ತಿಗೆ ಬಿಲ್ಲಿ ಇರಲಿಲ್ಲ.

ನಾಟಕ ನಡೆಯೋದು ಫಿಲಡೆಲ್ಫಿಯಾದ ಒಂದು ಸಣ್ಣ ಬಾರಲ್ಲಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ. ನ್ಯೂಯಾರ್ಕಿನ ಕ್ಲಬ್‌ಗಳು ಇಲ್ಲ ಅಂದ್ಮೇಲೆ ಊರೂರು ಅಲೀಬೇಕು. ಅದೂ ಎಂಥಾ ಊರು? ಹುಟ್ಟಿದ ಊರು, ಜೈಲಿಗೆ ಕಳಿಸಿದ ಊರೂ ಅದೇ. ಕಾಲ 1959ರ ಮಾರ್ಚ್, ಸಾವಿಗೆ ನಾಲ್ಕು ತಿಂಗಳು ಮುಂಚೆ.

ಈಗ ಥಿಯೇಟರ್ ಮುಂದೆ ಬಂದ್ವಿ. ರಂಗದ ಮೂರು ಕಡೆ ಪ್ರೇಕ್ಷಕರು ಕೂರೋ ಸಣ್ಣ ಜಾಗ ಇದು. 2014ರಲ್ಲಿ ಒಳಗಡೆ ನಿಜವಾದ ಬಾರಿನ ಹಾಗೆ ಮೇಜು, ಕುರ್ಚಿ ಹಾಕಿ ಒಂದಷ್ಟು ಪ್ರೇಕ್ಷಕರನ್ನ ಅಲ್ಲೇ ಕೂರಿಸಿದ್ರು. ಯಾವ ನ್ಯೂಯಾರ್ಕ್ ಬಿಲ್ಲಿಗೆ ಬಾರಲ್ಲಿ ಹಾಡೋಕೆ ಬಿಡಲಿಲ್ವೋ ಅದೇ ನ್ಯೂಯಾರ್ಕ್, ಆ ಹಳೇ ಕ್ಲಬ್‌ಗಳ ಬೀದಿಗೆ ಇಷ್ಟು ಹತ್ರ, ಬಿಲ್ಲಿ ಹಾಡಲಿ ಅಂತ ಒಂದು ಬಾರನ್ನೇ ಕಟ್ಟಿತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆಡ್ರಾ ಅಲ್ಲಿ ನಿಂತು ಹಾಡಿದ್ರು.

ಅವರ ಹಾಡಿಗೆ ಬರ್ತೀನಿ. ನಾಟಕದಲ್ಲಿ ಹನ್ನೆರಡಕ್ಕೂ ಹೆಚ್ಚು ಹಾಡಿವೆ, ಸುಮಾರು ಒಂದೂವರೆ ಗಂಟೆ, ಮಧ್ಯೆ ವಿರಾಮ ಇಲ್ಲ. ಬಿಲ್ಲಿ ಹಾಡೋ ರೀತಿಯ ಗುಟ್ಟು ಲಯದಲ್ಲಿದೆ. ಪಿಯಾನೊ, ಬೇಸ್, ಡ್ರಮ್ಸ್ ತಮ್ಮ ಪಾಡಿಗೆ ಮುಂದೆ ಹೋಗ್ತಿರುತ್ತೆ. ಬಿಲ್ಲಿಯ ಪದ ಒಂದಿಷ್ಟು ತಡವಾಗಿ ಬಂದು ಬೀಳುತ್ತೆ. ಕರ್ನಾಟಕ ಸಂಗೀತ ಕೇಳೋರಿಗೆ ಅನಾಗತ ಎಡುಪು ಗೊತ್ತಿರುತ್ತೆ, ತಾಳ ಶುರುವಾದ ಮೇಲೆ ಇಷ್ಟು ಬಿಟ್ಟು ಹಾಡು ಎತ್ತಬೇಕು ಅಂತ ಅಲ್ಲೊಂದು ಲೆಕ್ಕ ಇರುತ್ತೆ. ಬಿಲ್ಲಿಗೆ ಆ ಲೆಕ್ಕವೂ ಇಲ್ಲ. ಒಂದು ಸಾಲಲ್ಲಿ ಕೂದಲೆಳೆಯಷ್ಟು ತಡ, ಮುಂದಿನ ಸಾಲಲ್ಲಿ ಇನ್ನೇನು ತಪ್ಪೇ ಹೋಯ್ತು ಅನ್ನೋಷ್ಟು ತಡ, ಆಮೇಲೆ ನಾಲ್ಕು ಪದ ಒಟ್ಟಿಗೆ ಜಾರಿಸಿ ಸರಿಯಾದ ಜಾಗಕ್ಕೆ ಬಂದು ಸೇರ್ಕೊಳ್ಳೋದು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ದನಿಯ ದೊಡ್ಡತನ, ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಭಾವ, ಎರಡೂ ತನಗೆ ಬೇಕಿತ್ತು ಅಂತ ಬಿಲ್ಲಿ ಹೇಳ್ಕೊಂಡಿದ್ರು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಜೊತೆ ಹಾಡಿದ್ದು ಕೇಳಿ, ಯಾರು ಯಾರ ಹಿಂದೆ ಹೋಗ್ತಿದಾರೆ ಅನ್ನೋದೇ ತಿಳಿಯಲ್ಲ. ಲೇಡಿ ಡೇ ಅನ್ನೋ ಹೆಸರು ಕೊಟ್ಟವರೂ ಅವರೇ.

ತಾಳಕ್ಕೆ ಸರಿಯಾಗಿ, ಸ್ವರಕ್ಕೆ ಸರಿಯಾಗಿ, ಬಾಯಿಬಿಟ್ಟು ಹಾಡೋದನ್ನ ವರ್ಷಗಟ್ಟಲೆ ಕಲಿತ ಆಡ್ರಾ ಇದಕ್ಕೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕಿತ್ತು. ದಾರಿ ಸಿಕ್ಕಿದ್ದು ಹಾಡಲ್ಲಿ ಅಲ್ಲ, ಮಾತಲ್ಲಿ. ತನ್ನ ಅಜ್ಜಿ ಮಾತಾಡ್ತಿದ್ದ ದನಿಯಲ್ಲಿ ಬಿಲ್ಲಿ ಸಿಕ್ಕಿದ್ರು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದಾರೆ. ನಂಗೆ ಇದು ಬಹಳ ಮುಖ್ಯ ಅನ್ಸುತ್ತೆ. ಬರೀ ಹಾಡನ್ನ ಅನುಕರಣೆ ಮಾಡೋರು ಬೇಕಾದಷ್ಟು ಜನ ಇದಾರೆ, ಆದ್ರೆ ಹಾಡು ಮುಗಿದು ಮಾತು ಶುರುವಾದ ತಕ್ಷಣ ವೇಷ ಕಳಚಿ ಬೀಳುತ್ತೆ. ಆಡ್ರಾ ಬಾಯಲ್ಲಿ ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಶುರುವಾಯ್ತು ಅನ್ನೋ ಗೆರೆಯೇ ಕಾಣಲ್ಲ.

ಒಂದು ಘಟನೆ ಹೇಳ್ತೀನಿ. ಬಿಳಿಯರ ಬ್ಯಾಂಡ್ ಆಗಿದ್ದ ಆರ್ಟಿ ಶಾ ತಂಡದ ಜೊತೆ 1938ರಲ್ಲಿ ಬಿಲ್ಲಿ ಹಾಡ್ತಿದ್ರು. ನಾಟಕದಲ್ಲಿ ಆ ದಿನಗಳ ಒಂದು ಕಥೆ ಬರುತ್ತೆ: ದಕ್ಷಿಣದ ಒಂದು ಹೋಟೆಲಿನಲ್ಲಿ ಕರಿಯ ಹೆಂಗಸು ಅಂತ ಟಾಯ್ಲೆಟ್‌ಗೆ ಬಿಡಲ್ಲ. ಬಿಲ್ಲಿ ಎಷ್ಟು ಕೇಳ್ಕೊಂಡ್ರೂ ಅಲ್ಲಿನ ಮೇಲ್ವಿಚಾರಕಿ ಜಗ್ಗಲ್ಲ. ಕೊನೆಗೆ ಬಿಲ್ಲಿ ಆಕೆಯ ಶೂ ಮೇಲೆ, ನಿಂತಲ್ಲೇ, ಮೂತ್ರ ಮಾಡಿಬಿಡ್ತಾರೆ. ಆಡ್ರಾ ಇದನ್ನ ನಗ್ತಾ ನಗ್ತಾ ಹೇಳ್ತಾರೆ, ಗ್ಲಾಸ್ ಕೈಯಲ್ಲೇ ಇದೆ, ಕೂತವರು ಹೊಟ್ಟೆ ಹಿಡ್ಕೊಂಡು ನಗ್ತಾರೆ, ನಾನೂ ನಕ್ಕೆ. ಆಮೇಲೆ ಅವರ ಮುಖ ನೋಡಿ. ನಗು ತುಟಿ ಮೇಲೆ ಹಾಗೇ ಇದೆ, ಕಣ್ಣಲ್ಲಿ ಮಾತ್ರ ಇಲ್ಲ. ಆ ಹೋಟೆಲಿನಲ್ಲಿ ನಿಂತಿದ್ದ ಇಪ್ಪತ್ತಮೂರರ ಹುಡುಗಿ ಕಾಣಿಸಿಬಿಡ್ತಾಳೆ.

ಕುಡಿದವರ ಪಾತ್ರದಲ್ಲಿ ತೂರಾಡೋದು ಸುಲಭ. ಕುಡಿದವರು ತಾನು ಕುಡಿದೇ ಇಲ್ಲ ಅಂತ ತೋರಿಸೋಕೆ ಪಡೋ ಪಾಡಿದೆಯಲ್ಲ, ಅದನ್ನ ಆಡೋದು ಕಷ್ಟ. ಆಡ್ರಾ ಅದನ್ನ ಆಡ್ತಾರೆ. ಬಿಳೀ ಗೌನ್, ಮೊಣಕೈ ದಾಟಿದ ಬಿಳೀ ಗ್ಲೌಸ್. ಮೈಕ್ ಹಿಡಿಯೋ ಕೈ ಒಂಚೂರು ಜಾಸ್ತಿ ಬಿಗಿ, ಹೆಜ್ಜೆ ಇಡೋ ಮುಂಚೆ ಒಂದು ಕ್ಷಣ ಯೋಚನೆ. ಮಧ್ಯೆ ಒಳಗೆ ಹೋಗಿ, ಪೆಪಿ ಅನ್ನೋ ಪುಟ್ಟ ಚಿವಾವಾ ನಾಯಿಮರಿ ಎತ್ಕೊಂಡು ವಾಪಸ್ ಬರ್ತಾರೆ. ಆಗ ಒಂದು ಗ್ಲೌಸ್ ಕೆಳಗೆ ಜಾರಿರುತ್ತೆ, ತೋಳಿನ ಮೇಲೆ ಸೂಜಿ ಗುರುತುಗಳು. ಯಾರೂ ಅದರ ಬಗ್ಗೆ ಒಂದು ಮಾತೂ ಆಡಲ್ಲ. ಪಿಯಾನೊ ವಾದಕ ಜಿಮ್ಮಿಯ ಪಾತ್ರ ಮಾಡಿದ ಶೆಲ್ಟನ್ ಬೆಕ್ಟನ್ ನಿಜಕ್ಕೂ ಪಿಯಾನೊ ನುಡಿಸೋರು. ಬಿಲ್ಲಿ ಮಾತು ಹಳಿ ತಪ್ಪಿದಾಗೆಲ್ಲ ಮುಂದಿನ ಹಾಡಿನ ಮೊದಲ ಸ್ವರಗಳನ್ನ ಮೆಲ್ಲಗೆ ನುಡಿಸಿ ವಾಪಸ್ ಕರೀತಾರೆ. ಅವರ ಕಡೆ ಗಮನ ಕೊಟ್ಟು ನೋಡಿ ಒಂದ್ಸಲ, ಆ ಕಾಳಜಿಗೆ ಕಣ್ಣು ತುಂಬುತ್ತೆ.

1959ರ ಬೇಸಿಗೆಯಲ್ಲಿ ಬಿಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಸ್ಪತ್ರೆ ಸೇರಿದ್ರು. ಹಾಸಿಗೆಯಲ್ಲಿ ಮಲಗಿರುವಾಗಲೇ ಅರೆಸ್ಟ್ ಮಾಡಿ ಪೊಲೀಸ್ ಕಾವಲು ಹಾಕಿದ್ರು. ಜುಲೈ 17ರಂದು ಹೋಗಿಬಿಟ್ರು, 44 ವರ್ಷ.

ಈ ಪಾತ್ರಕ್ಕೆ 2014ರ ಜೂನ್‌ನಲ್ಲಿ ಆಡ್ರಾಗೆ ಬ್ರಾಡ್‌ವೇ ನಾಟಕಗಳಿಗೆ ಕೊಡೋ ದೊಡ್ಡ ಗೌರವ ಟೋನಿ ಪ್ರಶಸ್ತಿ ಬಂತು, ಅವರ ಆರನೇದು. ನಟನೆಗೆ ಆರು ಟೋನಿ ಗೆದ್ದ ಮೊದಲಿಗರು ಅವರೇ. ಇಷ್ಟೆಲ್ಲ ಹಾಡಿದ್ರೂ ಇದನ್ನ ಸಂಗೀತ ನಾಟಕ ಅಂತ ಅಲ್ಲ, ನಾಟಕ ಅಂತಲೇ ಲೆಕ್ಕಕ್ಕೆ ತಗೊಂಡ್ರು. ನಂಗೆ ಅದು ಸರಿ ಅನ್ಸುತ್ತೆ, ಇಲ್ಲಿ ಒಂದೊಂದು ಹಾಡೂ ಪಾತ್ರದ ಮಾತೇ. ವೇದಿಕೆ ಮೇಲೆ ಅಳ್ತಾ, ತನಗಿಂತ ಮುಂಚೆ ಬಂದ ಕಪ್ಪು ಕಲಾವಿದೆಯರ ಹೆಸರು ಒಂದೊಂದಾಗಿ ಹೇಳಿ, ಕೊನೆಗೆ ನೇರವಾಗಿ ಬಿಲ್ಲಿ ಜೊತೆ ಮಾತಾಡಿದ್ರು. ಈ ಭೂಮಿ ಮೇಲೆ ಇದ್ದಾಗ ನಿಮಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಹೆಚ್ಚು ನಿಮಗೆ ಸಲ್ಲಬೇಕಿತ್ತು ಅನ್ನೋ ಅರ್ಥದ ಮಾತು.

ನೋಡೋ ಮುಂಚೆ ಎರಡು ರೆಕಾರ್ಡ್ ಕೇಳ್ಕೊಳ್ಳಿ: 1939ರ 'ಸ್ಟ್ರೇಂಜ್ ಫ್ರೂಟ್', ಆಮೇಲೆ 1958ರ 'ಲೇಡಿ ಇನ್ ಸ್ಯಾಟಿನ್' ಆಲ್ಬಮ್. ಇಪ್ಪತ್ತು ವರ್ಷದಲ್ಲಿ ಆ ದನಿ ಏನಾಯ್ತು ಅಂತ ಕಿವಿಗೇ ಗೊತ್ತಾಗುತ್ತೆ. ಆಡ್ರಾ ಹಾಡೋದು ಆ ಎರಡನೇ ದನಿಯನ್ನ. ಮುಂದಿನ ವ್ಲಾಗ್‌ಗೆ ಬಾಲ್ಟಿಮೋರ್‌ಗೆ ಹೋಗ್ತಿದೀನಿ, ಬಿಲ್ಲಿ ಬೆಳೆದ ಊರು. ಪೆನ್ಸಿಲ್ವೇನಿಯಾ ಅವೆನ್ಯೂನಲ್ಲಿ ಅವರ ಒಂದು ಪ್ರತಿಮೆ ಇದೆ. ಅಲ್ಲಿ ಸಿಗೋಣ.