ಟೀಚರ ಕೈಮೇಲಿನ ಕಾಸರಕದ ಎಲೆ

ಕೇಳುಗರಿಗೆಲ್ಲ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಎಲ್.ಪಿ., ಅಂದ್ರೆ ಲೋವರ್ ಪ್ರೈಮರಿ ಮಕ್ಕಳಿಗೆ ಪಾಠ ಮಾಡಿ, 2024ರಲ್ಲಿ 56 ತುಂಬಿ ರಿಟೈರ್ ಆಗಿ ಮನೆಗೆ ಬಂದವಳು. ಇವತ್ತು ಮಾತಾಡ್ಲಿಕ್ಕೆ ಹೊರಟದ್ದು ಟೀಚರುಗಳ ಮೈಮೇಲಿನ ಹಚ್ಚೆ ಬಗ್ಗೆ, ಈಗಿನವರು ಟ್ಯಾಟೂ ಅಂತ ಹೇಳ್ತಾರಲ್ಲ, ಅದು. ಇದೆಂತ ದೊಡ್ಡ ವಿಷಯ ಅಂತ ನಿಮಗೆ ಅನ್ನಿಸ್ಬಹುದು. ನನಗೂ ಮೊದಲು ಹಾಗೇ ಇತ್ತು, ಆದ್ರೆ ಇದೇ ವಿಷಯದಲ್ಲಿ ಒಬ್ಬಳು ಒಳ್ಳೆ ಹುಡುಗಿಗೆ ನನ್ನಿಂದಲೇ ಒಂದು ಅನ್ಯಾಯ ಆಯ್ತು, ಅದು ಮನಸ್ಸಿಂದ ಹೋಗುದಿಲ್ಲ, ಅದಕ್ಕೇ ಹೇಳ್ತಾ ಇದ್ದೇನೆ.

2023ರ ಜೂನ್. ಶಾಲೆ ಸುರುವಾದ ವಾರ, ಜೋರು ಮಳೆ. ನಮ್ಮಲ್ಲಿ ಒಂದು ಪೋಸ್ಟ್ ಖಾಲಿ ಇತ್ತು, ಡೈಲಿ ವೇಜಸಿಗೆ ಒಬ್ಬಳು ಹುಡುಗಿ ಬಂದ್ಲು. ಒಳ್ಳೆ ಕನ್ನಡ, ತುಳುವೂ ಬರ್ತದೆ, ಮಲಯಾಳವೂ ಬರ್ತದೆ, ಮಕ್ಕಳ ಹತ್ರ ನೆಲದಲ್ಲಿ ಕೂತು ಮಾತಾಡುವವಳು. ಅವಳ ಎಡಗೈಯ ಒಳಭಾಗದಲ್ಲಿ, ಮಣಿಕಟ್ಟಿನಿಂದ ಮೇಲೆ ಒಂದು ಗೇಣು ಉದ್ದಕ್ಕೆ, ಎಲೆ ಇರುವ ಒಂದು ಸಣ್ಣ ಗೆಲ್ಲು, ಕಪ್ಪು ಶಾಯಿಯ ಹಚ್ಚೆ. ಚೂಡಿದಾರಿನ ತೋಳು ಮೊಣಕೈವರೆಗೆ ಮಾತ್ರ, ಹಾಗಾಗಿ ಬೋರ್ಡಲ್ಲಿ ಬರೀಲಿಕ್ಕೆ ಕೈ ಎತ್ತಿದ್ರೆ ಎಲ್ಲರಿಗೂ ಕಾಣ್ತಿತ್ತು.

ಎರಡನೇ ವಾರಕ್ಕೆ ಒಬ್ಬರು ತಂದೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದ್ರು. ಮೊಬೈಲಲ್ಲಿ ಅವಳ ಕೈದು ಫೋಟೋ, ದೂರದಿಂದ ತೆಗೆದು ದೊಡ್ಡದು ಮಾಡಿದ್ದು. "ಟೀಚರೇ, ಇದು ಗಾಂಜಾ ಎಲೆ ಅಂತ ವಾಟ್ಸಾಪ್ ಗ್ರೂಪಲ್ಲಿ ಬರ್ತಾ ಉಂಟು, ಎಂತ ಇದು, ಮಕ್ಕಳಿಗೆ ಇಂಥವರಾ ಕಲಿಸುದು?" ಅವರ ಹೆದರಿಕೆ ಸುಳ್ಳಲ್ಲ, ಅದನ್ನು ನಾನು ಹಗುರ ಮಾಡುದಿಲ್ಲ, ನಮ್ಮ ಕಡೆ ಹೈಸ್ಕೂಲ್ ಮಕ್ಕಳಿಗೆ ಡ್ರಗ್ಸ್ ಮುಟ್ಟುವ ಕಾಲ ಇದು, ಯಾವ ತಂದೆ ತಾಯಿಗೂ ನಿದ್ದೆ ಬರುದಿಲ್ಲ. ಆದ್ರೆ ನಾನು ಮಾಡಿದ್ದೆಂತ ಕೇಳಿ. ಅದು ಯಾವ ಎಲೆ ಅಂತ ಅವಳ ಹತ್ರ ಒಂದು ಮಾತು ಕೇಳ್ಲಿಲ್ಲ. ಊಟದ ಬೆಲ್ಲಿಗೆ ಮೂಲೆಗೆ ಕರೆದು, ನಾಳೆಯಿಂದ ಉದ್ದ ತೋಳಿನದ್ದು ಹಾಕ್ಕೊಂಡು ಬಾ ಮಗಾ, ಸುಮ್ಮನೆ ಯಾಕೆ ಗಲಾಟೆ ಅಂದೆ. ಅವಳು ನನ್ನ ಮುಖ ನೋಡಿದ್ಲು, ಆಯ್ತು ಟೀಚರೇ ಅಂದ್ಲು, ಅಷ್ಟೆ.

ಮರುದಿನದಿಂದ ಉದ್ದ ತೋಳು. ನಮ್ಮ ಕರಾವಳಿ ಸೆಕೆ ನಿಮಗೆ ಗೊತ್ತುಂಟಲ್ಲ, ಮಳೆ ನಿಂತ ಕೂಡ್ಲೇ ಮೈ ಬೇಯ್ತದೆ, ಹಂಚಿನ ಮಾಡಿನ ಕ್ಲಾಸು, ಫ್ಯಾನ್ ಇದ್ರೂ ಇಲ್ಲದ ಹಾಗೆ, ಆ ಹುಡುಗಿ ಬೆವರು ಒರೆಸ್ಕೊಂಡು ಒಂದೂವರೆ ವಾರ ಹಾಗೇ ಪಾಠ ಮಾಡಿದ್ಲು. ಆಮೇಲೆ ಒಂದು ದಿವಸ ಎರಡನೇ ಕ್ಲಾಸಿನ ಪುಟ್ಟ ಹುಡುಗ ಒಬ್ಬ ಅವಳ ತೋಳು ಹಿಡಿದು ಎಳೆದು "ಟೀಚರೇ, ಕಾಯೆರ್ ಎಲೆ ಎಲ್ಲಿ ಹೋಯ್ತು?" ಅಂತ ಕೇಳಿದ.

ಕಾಯೆರ್ ಅಂದ್ರೆ ತುಳುವಿನಲ್ಲಿ ಕಾಸರಕನ ಮರ. ನಮ್ಮ ಶಾಲೆಯ ಬಾವಿಯ ಹತ್ರವೇ ಒಂದು ಉಂಟು. ನುಣ್ಣಗಿನ ಅಂಡಾಕಾರದ ಎಲೆ, ಬುಡದಿಂದಲೇ ಮೂರು ಐದು ನರ ಎದ್ದು ಕಾಣ್ತವೆ, ಹಣ್ಣು ಸಣ್ಣ ಕಿತ್ತಳೆಯ ಹಾಗೆ ದುಂಡಗೆ, ಬೀಜ ಮಾತ್ರ ವಿಷ, ಬಾಯಿಗೆ ಹಾಕ್ಬಾರ್ದು ಅಂತ ನಾವು ಮಕ್ಕಳಿಗೆ ಯಾವಾಗ್ಲೂ ಹೇಳ್ತಾ ಇರ್ತೇವೆ. ಗಾಂಜಾ ಎಲೆ ಕೈಬೆರಳು ಬಿಡಿಸಿಟ್ಟ ಹಾಗೆ, ಅಂಚು ಗರಗಸ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಏಳು ವರ್ಷದ ಮಗುವಿಗೆ ಗೊತ್ತಾದ ಎಲೆ ವಾಟ್ಸಾಪ್ ಗ್ರೂಪಿನ ದೊಡ್ಡವರಿಗೆ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ, ಯಾಕೆ ಅಂದ್ರೆ ನಾನು ಸರಿಯಾಗಿ ನೋಡ್ಲೇ ಇಲ್ಲ, ಹಚ್ಚೆ ಅಂತ ಕಂಡ ಕೂಡ್ಲೇ ಕಣ್ಣು ಬೇರೆ ಕಡೆ ತಿರುಗಿಸಿದ್ದೆ.

ಆಮೇಲೆ ಕೇಳಿದೆ. ಅವಳು ಡಿಗ್ರಿ ಮಾಡಿದ್ದು ಬೆಂಗಳೂರಲ್ಲಿ. ಅಲ್ಲಿ ಹಾಸ್ಟೆಲ್‌ನಲ್ಲಿ ಎಲ್ಲರೂ ನೀನು ಕೇರಳದವಳಲ್ವಾ, ಕನ್ನಡ ಹೇಗೆ ಇಷ್ಟು ಚಂದ ಮಾತಾಡ್ತೀ ಅಂತ ಕೇಳುದು. ಒಂದು ಪರೀಕ್ಷೆಗೆ ತಿರುವನಂತಪುರಕ್ಕೆ ಹೋದ್ರೆ ಅಲ್ಲಿ ನೀವು ಕರ್ನಾಟಕದವರಾ ಅಂತ ಕೇಳುದು. ಕಾಸರಗೋಡಿನ ಯಾರನ್ನು ಬೇಕಾದ್ರೂ ಕೇಳಿ, ಈ ಎರಡು ಪ್ರಶ್ನೆ ಕೇಳಿಸ್ಕೊಳ್ಳದವರು ಇಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ನಮಗೆ ಇದೇ ಪಾಡು. ಊರಿಗೆ ಕಾಸರಗೋಡು ಅಂತ ಹೆಸರು ಬಂದದ್ದು ಕಾಸರಕನ ಮರದಿಂದ ಅಂತ ಒಂದು ಮಾತು ಉಂಟಲ್ಲ, 2023ರಲ್ಲಿ ಜಿಲ್ಲೆಯ ಅಧಿಕೃತ ಮರ ಅಂತ ಘೋಷಣೆ ಆದದ್ದೂ ಅದೇ ಮರ. ಅವಳು ಅದಕ್ಕೂ ಮೊದಲೇ, ಬೆಂಗಳೂರಲ್ಲಿ ಇರುವಾಗ, ನನ್ನ ಊರು ಯಾವುದು ಅಂತ ನನಗಾದ್ರೂ ನೆನಪಿರ್ಲಿ ಅಂತ ಆ ಗೆಲ್ಲನ್ನು ಕೈಮೇಲೆ ಹಾಕಿಸ್ಕೊಂಡಿದ್ಲು. ಅದನ್ನು ಮುಚ್ಚಿಸಿದವಳು ನಾನು, ಇದೇ ಊರಿನ ಕನ್ನಡ ಟೀಚರ್.

ನನ್ನ ಅಜ್ಜಿಯ ಕೈಯಲ್ಲೂ ಹಚ್ಚೆ ಇತ್ತು. ಮೊಣಕೈ ಕೆಳಗೆ ಒಂದು ತುಳಸಿಕಟ್ಟೆ, ಸುತ್ತ ಚುಕ್ಕಿ, ವಯಸ್ಸಾಗ್ತಾ ಚರ್ಮ ಸುಕ್ಕುಗಟ್ಟಿ ಬಣ್ಣ ಹಸಿರು ತಿರುಗಿತ್ತು. ಹಚ್ಚೆ ಹಾಕುವ ಹೆಂಗಸರು ಊರಿಂದ ಊರಿಗೆ ಬರ್ತಿದ್ರಂತೆ, ಎರಡು ಮೂರು ಸೂಜಿ ಒಟ್ಟು ಕಟ್ಟಿ, ದೀಪದ ಮಸಿಗೆ ಸೊಪ್ಪಿನ ರಸ ಸೇರಿಸಿ ಚುಚ್ಚುದು, ನೋವು ಮರೆಯಲಿಕ್ಕೆ ಅವರೇ ಪದ ಹೇಳುದು. ಮೈಮೇಲಿನ ಚಿನ್ನವನ್ನೆಲ್ಲ ಸತ್ತಾಗ ತೆಗೀತಾರೆ, ಹಚ್ಚೆ ಮಾತ್ರ ಜೊತೆಗೆ ಬರ್ತದೆ ಅಂತ ಅಜ್ಜಿ ಹೇಳ್ತಿದ್ರು. ಹಚ್ಚೆ ಅನ್ನುವ ಶಬ್ದವೇ ಪಚ್ಚೆಯಿಂದ ಬಂದದ್ದು, ಪಾಲು ಹಾಲಾದ ಹಾಗೆ ಪಚ್ಚೆ ಹಚ್ಚೆ ಆಯ್ತು. ತುಳುವಿನಲ್ಲಿ ಈಗಲೂ ಪಚ್ಚೆ, ಮಲಯಾಳದಲ್ಲಿ ಪಚ್ಚ ಕುತ್ತುಗ. ನಮ್ಮೂರಲ್ಲಿ ಎಷ್ಟು ಭಾಷೆ ಉಂಟೋ ಅಷ್ಟರಲ್ಲೂ ಇದಕ್ಕೆ ಹಳೇ ಹೆಸರು ಉಂಟು. ಅಜ್ಜಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು ಮುಂದಿನ ಸಾಲಲ್ಲಿ ಕೂತಾಗ ಅವರ ಕೈ ನೋಡಿ ಯಾರಿಗೂ ಎಂತದೂ ಅನ್ನಿಸ್ಲಿಲ್ಲ. ಹಾಗಾಗಿ ಟ್ಯಾಟೂ ಹೊರಗಿನಿಂದ ಬಂದದ್ದು, ನಮ್ಮ ಸಂಸ್ಕೃತಿ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ ನನಗೆ ಒಪ್ಲಿಕ್ಕೆ ಆಗುದಿಲ್ಲ.

ಟೀಚರುಗಳ ವೇಷದ ಮೇಲೆ ಜನರ ಕಣ್ಣು ಇವತ್ತಿನದ್ದಲ್ಲ. ನಾನು ಕೆಲಸಕ್ಕೆ ಸೇರಿದಾಗ ಸೀರೆ ಬಿಟ್ಟು ಬೇರೆ ಉಡುವ ಮಾತೇ ಇರ್ಲಿಲ್ಲ, ಮಳೆಗಾಲದಲ್ಲಿ ಗದ್ದೆ ಬದುವಿನಲ್ಲಿ ನೆರಿಗೆ ಎತ್ತಿ ಹಿಡ್ಕೊಂಡು, ಕೊಡೆ ಒಂದು ಕೈಯಲ್ಲಿ, ಟಿಫಿನ್ ಚೀಲ ಇನ್ನೊಂದರಲ್ಲಿ, ಹಾಗೆ ಎಷ್ಟು ವರ್ಷ ನಡೆದೆ. ಒಂದು ಶಾಲೆಯಲ್ಲಿ ಸೀರೆ ಮೇಲೆ ಓವರ್‌ಕೋಟ್ ಬೇರೆ ಹಾಕ್ಬೇಕಿತ್ತು. ಮೊದಮೊದಲು ಚೂಡಿದಾರ್ ಹಾಕಿದವರಿಗೆ ಸ್ಟಾಫ್ ರೂಮಲ್ಲೇ ಎಷ್ಟು ಮಾತು! 2021ರ ನವೆಂಬರಿನಲ್ಲಿ ಕೇರಳ ಸರಕಾರ ಆರ್ಡರ್ ಹೊರಡಿಸಿ, ಟೀಚರುಗಳು ತಮಗೆ ಅನುಕೂಲ ಆಗುವ ಡ್ರೆಸ್ ಹಾಕ್ಬಹುದು, ಸೀರೆಯೇ ಬೇಕು ಅಂತ ಒತ್ತಾಯ ಮಾಡ್ಬಾರ್ದು ಅಂತ ಸ್ಪಷ್ಟ ಹೇಳಿತು. ಆಗ ಉನ್ನತ ಶಿಕ್ಷಣ ಮಂತ್ರಿ ಆಗಿದ್ದ ಆರ್. ಬಿಂದು ಅವರೇ, ತಾನು ಕಾಲೇಜಲ್ಲಿ ಪಾಠ ಮಾಡುವಾಗ ಚೂಡಿದಾರ್ ಹಾಕ್ಕೊಂಡೇ ಹೋಗ್ತಿದ್ದೆ ಅಂತ ಹೇಳಿದ್ರು. ಮಹಾರಾಷ್ಟ್ರದಲ್ಲಿ ನೋಡಿ, 2024ರ ಮಾರ್ಚಿನಲ್ಲಿ ಅಲ್ಲಿನ ಸರಕಾರ ಟೀಚರುಗಳಿಗೆ ಜೀನ್ಸ್ ಟೀ ಶರ್ಟ್ ಬೇಡ, ಹೆಂಗಸರು ಸೀರೆ ಅಥವಾ ಸಲ್ವಾರ್, ಗಂಡಸರು ಶರ್ಟ್ ಇನ್ ಮಾಡಿ ಪ್ಯಾಂಟ್ ಅಂತ ಆರ್ಡರ್ ಮಾಡಿತು. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯ ಮಾಷ್ಟ್ರುಗಳಿಗೂ ಅದೇ. ಎರಡು ಗಡಿ, ಎರಡು ರೀತಿ, ಕಲಿಸುದು ಒಂದೇ ಅ ಆ ಇ ಈ.

ಹಚ್ಚೆ ವಿಷಯದಲ್ಲಿ ಸೈನ್ಯದವರದ್ದು ಎಷ್ಟೋ ಸ್ಪಷ್ಟ ಉಂಟು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಭಾಗದಲ್ಲಿ ಮತ್ತೆ ಅಂಗೈಯ ಹಿಂಬದಿಯಲ್ಲಿ ಇದ್ರೆ ಆಗ್ತದೆ, ಬುಡಕಟ್ಟಿನವರಿಗೆ ಅವರ ಪದ್ಧತಿ ಪ್ರಕಾರ ವಿನಾಯಿತಿ. ಕೇಂದ್ರದ ಅರೆಸೈನಿಕ ಪಡೆಗಳಲ್ಲಿ ಸೆಲ್ಯೂಟ್ ಹೊಡೆಯುವ ಬಲಗೈಯಲ್ಲಿ ಇರ್ಬಾರ್ದು, ಎಡಗೈ ಒಳಭಾಗದಲ್ಲಿ ಇರ್ಬಹುದು, ಅದಕ್ಕೂ ಅಳತೆ ಉಂಟು. ನಮ್ಮ ಊರಿನ ಗ್ರೌಂಡಲ್ಲಿ ಬೆಳಿಗ್ಗೆ ಓಡುವ ಹುಡುಗರಿಗೆ ಇದೆಲ್ಲ ಬಾಯಿಪಾಠ. ಒಪ್ಪಿದ್ರೂ ಒಪ್ಪದಿದ್ರೂ, ಬರೆದಿಟ್ಟ ನಿಯಮ ಮೊದಲೇ ಗೊತ್ತಿರ್ತದೆ. ನಮ್ಮಲ್ಲಿ ಆದದ್ದು ಹಾಗಲ್ಲ, ಕೆಲಸಕ್ಕೆ ಸೇರಿ ಎರಡು ವಾರ ಆದ ಮೇಲೆ ಒಂದು ಫೋಟೋ, ಒಂದು ಗ್ರೂಪು, ಒಂದು ಪಿಸುಮಾತು, ಅದೇ ನಿಯಮ ಆಗಿ ಹೋಯ್ತು. ಮತ್ತೆ ಇನ್ನೊಂದು ಹೇಳ್ಲೇಬೇಕು. ಅದೇ ಶಾಲೆಯಲ್ಲಿ ಒಬ್ಬರು ಮಾಷ್ಟ್ರ ಮುಂಗೈ ಮೇಲೆ ದೇವರ ಹೆಸರಿನ ಹಚ್ಚೆ ಎಷ್ಟೋ ವರ್ಷದಿಂದ ಇತ್ತು, ಪೋಷಕರೂ ಟೀಚರುಗಳೂ ಸೇರುವ ಯಾವ ಪಿ.ಟಿ.ಎ. ಮೀಟಿಂಗಲ್ಲೂ ಅದರ ಸುದ್ದಿ ಬರ್ಲಿಲ್ಲ. ಬರ್ಬೇಕಿತ್ತು ಅಂತ ನಾನು ಹೇಳುದಲ್ಲ. ಆದ್ರೆ ಹೆಣ್ಣುಮಗಳ ಕೈ ಆದ ಕೂಡ್ಲೇ ಎಲ್ಲರಿಗೂ ಅದು ತಮ್ಮ ಸೊತ್ತು ಅನ್ನಿಸ್ತದಲ್ಲ, ಅದು ನನಗೆ ಬಹಳ ನೋವು ಕೊಟ್ಟ ವಿಷಯ.

ಎಂತ ಬೇಕಾದ್ರೂ ಹಾಕಿಸ್ಕೊಂಡು ಬನ್ನಿ ಅಂತಲೂ ನಾನು ಹೇಳ್ಲಿಕ್ಕಿಲ್ಲ. ಪಾರ್ಟಿ ಚಿಹ್ನೆ, ಇನ್ನೊಬ್ಬರ ಜಾತಿ ಧರ್ಮಕ್ಕೆ ಚುಚ್ಚುವಂಥದ್ದು, ರಕ್ತ ಕತ್ತಿ ತಲೆಬುರುಡೆ, ಹೊಲಸು ಮಾತು, ಇವು ಕ್ಲಾಸಲ್ಲಿ ಕಾಣ್ಬಾರ್ದು, ಮುಚ್ಚಿಕೊಂಡು ಬರ್ಲಿ. ನಮ್ಮ ಜಿಲ್ಲೆಯಲ್ಲಿ ರಾಜಕೀಯ ಎಷ್ಟು ಬಿಸಿ ಅಂತ ಗೊತ್ತುಂಟಲ್ಲ, ಕೈಮೇಲೆ ಚೆ ಗುವೇರಾ ಇರುವ ಹುಡುಗರು ಎಷ್ಟು ಜನ, ಅದು ಅವರವರ ಇಷ್ಟ, ಆದ್ರೆ ಟೀಚರ್ ಎಲ್ಲ ಪಾರ್ಟಿಯವರ ಮಕ್ಕಳಿಗೂ ಟೀಚರ್. ಮಕ್ಕಳ ಪ್ರಾಯವನ್ನೂ ನೋಡ್ಬೇಕು. ಫ್ರಾನ್ಸಿನಲ್ಲಿ ಮುಖ, ನಾಲಗೆ, ಕಣ್ಣಿನ ಬಿಳಿಗುಡ್ಡೆಗೂ ಶಾಯಿ ಹಾಕಿಸ್ಕೊಂಡ ಒಬ್ಬರು ಮಾಷ್ಟ್ರಿದ್ದಾರೆ. ಮೂರು ವರ್ಷದ ಮಗುವಿಗೆ ರಾತ್ರಿ ಕೆಟ್ಟ ಕನಸು ಬಿತ್ತು ಅಂತ ಅಪ್ಪ ಅಮ್ಮ ದೂರು ಕೊಟ್ಟದ್ದಕ್ಕೆ ಅವರಿಗೆ ಆರು ವರ್ಷದ ಒಳಗಿನ ಮಕ್ಕಳಿಗೆ ಪಾಠ ಮಾಡ್ಲಿಕ್ಕೆ ಬಿಡ್ಲಿಲ್ಲ, ದೊಡ್ಡ ಮಕ್ಕಳಿಗೆ ಮಾಡ್ಬಹುದು ಅಂದ್ರು. 2020ರಲ್ಲಿ ಪೇಪರಲ್ಲಿ ಬಂದಿತ್ತು. ಆ ತೀರ್ಮಾನ ಪೂರ್ತಿ ತಪ್ಪು ಅಂತ ನನಗೆ ಅನ್ನಿಸುದಿಲ್ಲ, ಅಂಗನವಾಡಿ ಪ್ರಾಯದ ಮಗು ಹೊಸ ಗಡ್ಡ ಕಂಡ್ರೂ ಅಳ್ತದೆ. ಆದ್ರೆ ಕೈಮೇಲೆ ಒಂದು ಎಲೆ, ಅದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?

ಟೀಚರ್ ಟ್ರೇನಿಂಗ್ ಕೊಡುವ ಮಾಯಿಪ್ಪಾಡಿ ಡಯಟ್‌ನಲ್ಲಿ, ಬಿ.ಎಡ್. ಕಾಲೇಜುಗಳಲ್ಲಿ ಓದ್ತಾ ಇರುವ ಮಕ್ಕಳು ಕೇಳ್ತಾ ಇದ್ರೆ ಅವರಿಗೂ ಎರಡು ಮಾತು. ಹಾಕಿಸುದಾದ್ರೆ ನಿಮ್ಮೆದುರೇ ಹೊಸ ಸೂಜಿಯ ಪ್ಯಾಕೆಟ್ ಒಡೆಯುವಲ್ಲಿ ಹಾಕಿಸಿ, ಸೂಜಿಯಿಂದ ರಕ್ತದ ರೋಗ ಹರಡ್ತದೆ. ಆಮೇಲೆ 12 ತಿಂಗಳು ರಕ್ತದಾನ ಮಾಡ್ಲಿಕ್ಕೆ ಆಗುದಿಲ್ಲ. ಬೇಡ ಅನ್ನಿಸಿದ್ರೆ ತೆಗೆಸ್ಬಹುದಲ್ಲ ಅಂತ ಹಗುರವಾಗಿ ಯೋಚಿಸ್ಬೇಡಿ, ಶಾಯಿ ಚರ್ಮದ ಮೇಲಿನ ಪದರದಲ್ಲಿ ಇರುದಲ್ಲ, ಅದರ ಕೆಳಗಿನ ಪದರದಲ್ಲಿ, ನಮ್ಮ ಮೈಯ ರಕ್ಷಣೆಯ ಕೋಶಗಳೇ ಅದನ್ನು ನುಂಗಿ ಹಿಡ್ಕೊಂಡು ಕೂತಿರ್ತವೆ, ಅದಕ್ಕೇ ಅಜ್ಜಿಯ ಹಚ್ಚೆ ಕೊನೆಯವರೆಗೂ ಹೋಗ್ಲಿಲ್ಲ. ಲೇಸರ್ ಆ ಶಾಯಿಯನ್ನು ಪುಡಿ ಮಾಡ್ತದೆ, ಮತ್ತೆ ಮೈಯೇ ಸ್ವಲ್ಪ ಸ್ವಲ್ಪ ಹೊರಗೆ ಹಾಕ್ಬೇಕು, ವಾರಗಟ್ಟಲೆ ಅಂತರ ಬಿಟ್ಟು ಎಷ್ಟೋ ಸಲ ಹೋಗ್ಬೇಕಾಗ್ತದೆ, ಕಪ್ಪಾದ್ರೆ ಬೇಗ ಹೋಗ್ತದೆ, ಹಸಿರು ನೀಲಿ ಹಟ ಮಾಡ್ತವೆ, ಖರ್ಚು ಬೇರೆ.

ಪೋಷಕರ ಹತ್ರ ನನಗೆ ಕೇಳ್ಲಿಕ್ಕೆ ಇರುದು ಬೇರೆ. ನಮ್ಮ ಕನ್ನಡ ಮೀಡಿಯಂ ಕ್ಲಾಸುಗಳಿಗೆ ಕನ್ನಡವೇ ಬಾರದ ಟೀಚರುಗಳನ್ನು ಹಾಕಿ, ಮಕ್ಕಳು ಪಾಠ ಅರ್ಥ ಆಗುದಿಲ್ಲ ಅಂತ ಕ್ಲಾಸ್ ಬಿಟ್ಟು ಪ್ರತಿಭಟನೆಗೆ ಕೂತದ್ದನ್ನು ಈ ಜಿಲ್ಲೆಯಲ್ಲಿ ನಾವೆಲ್ಲ ನೋಡಿದ್ದೇವೆ. ಅಂಥ ಕಡೆ ನಿಮ್ಮ ಮಗುವಿನ ಭಾಷೆಯಲ್ಲಿ ಗಣಿತ ಹೇಳಿಕೊಡುವವಳು ಒಬ್ಬಳು ಸಿಕ್ಕಿದ್ರೆ ಮೊದಲು ಅವಳ ಕ್ಲಾಸಿನ ಬಾಗಿಲಲ್ಲಿ ಹತ್ತು ನಿಮಿಷ ನಿಂತು ಕೇಳಿ, ಫೋಟೋ ತೆಗೆಯುದು ಆಮೇಲೆ. ಸಂಶಯ ಬಂದ್ರೆ ಅವಳ ಹತ್ರವೇ ಕೇಳಿ. ಶಾಲೆಯವರಿಗೆ ಏನಾದ್ರೂ ನಿಯಮ ಬೇಕು ಅಂತ ಇದ್ರೆ ಬರೆದು ಇಂಟರ್‌ವ್ಯೂ ದಿವಸವೇ ಕೈಗೆ ಕೊಡಿ, ಗಂಡಸರಿಗೂ ಹೆಂಗಸರಿಗೂ ಒಂದೇ ಕಾಗದ.

ಅದು ಯಾವ ಎಲೆ ಅಂತ ಗೊತ್ತಾದ ಮೇಲೆ ನಡೆದ ಪಿ.ಟಿ.ಎ. ಮೀಟಿಂಗಲ್ಲಿ ನಾನು ಎದ್ದು ನಿಂತು ಅದು ಕಾಸರಕದ ಎಲೆ, ಗಾಂಜಾ ಅಲ್ಲ ಅಂತ ಹೇಳಿದೆ, ಫೋಟೋ ತೋರಿಸಿದ ತಂದೆ ಸುಮ್ಮನಾದ್ರು, ಅವರೇ ಆಮೇಲೆ ಅವಳ ಹತ್ರ ಹೋಗಿ ಬೇಜಾರು ಮಾಡ್ಬೇಡಿ ಟೀಚರೇ ಅಂದ್ರು. ಆದ್ರೆ ಅವಳನ್ನು ಮುಚ್ಚಿಕೊಂಡು ಬಾ ಅಂದದ್ದು ನಾನೇ, ಅದು ನನ್ನ ತಪ್ಪು ಅಂತ ಅವತ್ತು ಎಲ್ಲರೆದುರು ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಇವತ್ತು ಹೇಳ್ತಾ ಇದ್ದೇನೆ, ಅವಳು ಕೇಳ್ತಾ ಇರ್ಬಹುದು.

ಮಾರ್ಚಿಗೆ ಅವಳ ಡೈಲಿ ವೇಜಸ್ ಮುಗೀತು. ಈಗ ಪಿ.ಎಸ್.ಸಿ.ಗೆ ಓದ್ತಾ ಇದ್ದಾಳೆ. ಮೊನ್ನೆ ಫೋನ್ ಮಾಡಿ, ಇನ್ನೊಂದು ಶಾಲೆಯಲ್ಲಿ ಇಂಟರ್‌ವ್ಯೂ ಉಂಟು ಟೀಚರೇ, ಉದ್ದ ತೋಳಿನದ್ದು ಹಾಕ್ಕೊಂಡು ಹೋಗ್ಲಾ ಅಂತ ಕೇಳಿದ್ಲು. ಬೇಡ ಮಗಾ, ನಿನಗೆ ಯಾವುದು ಆರಾಮ ಅದನ್ನೇ ಹಾಕ್ಕೋ, ಕೇಳಿದ್ರೆ ಮರದ ಹೆಸರು ಹೇಳು ಅಂದೆ.

ನಮಸ್ಕಾರ.