ಸಮ ಎಂದರೆ ಎಷ್ಟು ಸಮ?

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ಏಪ್ರಿಲ್ 21. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಎಫ್‌ಎ ಕಪ್‌ನ ಸೆಮಿಫೈನಲ್. ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ಕೊವೆಂಟ್ರಿ ಸಿಟಿ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಮೂರು ಗೋಲುಗಳಿಂದ ಹಿಂದೆ ಬಿದ್ದಿತ್ತು. 71ನೇ ನಿಮಿಷದಿಂದ ಶುರುಮಾಡಿ ಒಂದೊಂದಾಗಿ ಮೂರನ್ನೂ ತೀರಿಸಿತು. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಾಗ ವಿಕ್ಟರ್ ಟೋರ್ಪ್ ಚೆಂಡನ್ನು ಬಲೆಗೆ ಸೇರಿಸಿದರು. ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದರು, ಅಭಿಮಾನಿಗಳು ಅತ್ತರು. ಆಮೇಲೆ ವಿಡಿಯೊ ಕೊಠಡಿಯಲ್ಲಿ ಗೆರೆ ಎಳೆದು ನೋಡಿದರು. ಚೆಂಡನ್ನು ಒದಗಿಸಿದ್ದ ಹಾಜಿ ರೈಟ್ ಅವರ ಕಾಲ್ಬೆರಳಿನ ತುದಿ ಎದುರಾಳಿಗಿಂತ ಮುಂದಿತ್ತಂತೆ. ಗೋಲು ರದ್ದಾಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಕೊವೆಂಟ್ರಿ ಸೋತಿತು.

ಸಹ ಆಟಗಾರ ಚೆಂಡನ್ನು ಒದೆಯುವ ಕ್ಷಣದಲ್ಲಿ, ಎದುರಾಳಿ ತಂಡದ ಕೊನೆಯಿಂದ ಎರಡನೆಯವನಿಗಿಂತ ಗೋಲಿಗೆ ಹತ್ತಿರವಿದ್ದವನು ಆ ಆಟದಲ್ಲಿ ಭಾಗವಹಿಸುವಂತಿಲ್ಲ ಎನ್ನುವುದು ಆಫ್‌ಸೈಡ್ ನಿಯಮ. ಅದರ ಪ್ರಕಾರ ಅದು ಸರಿಯಾದ ತೀರ್ಪು. ನನ್ನ ತಕರಾರು ನಿಯಮದ ಜೊತೆಗೇ ಇದೆ.

ಆಫ್‌ಸೈಡ್ ನಿಯಮ ಹುಟ್ಟಿದ್ದು ಏತಕ್ಕೆ? ಎದುರಾಳಿಯ ಗೋಲಿನ ಬಾಯಲ್ಲಿ ಠಿಕಾಣಿ ಹೂಡಿ, ಚೆಂಡು ಬಂದೊಡನೆ ಒದ್ದುಬಿಡುವ ಚಾಳಿಯನ್ನು ತಡೆಯಲಿಕ್ಕೆ. 1863ರ ಮೊದಲ ನಿಯಮಗಳಲ್ಲಿ ಚೆಂಡಿಗಿಂತ ಮುಂದಿದ್ದವರು ಆಡುವಂತೆಯೇ ಇರಲಿಲ್ಲ. 1866ರಲ್ಲಿ, ಗೋಲು ಗೆರೆಗೂ ಆಟಗಾರನಿಗೂ ನಡುವೆ ಮೂವರು ಎದುರಾಳಿಗಳಿದ್ದರೆ ಸಾಕು ಎಂದಾಯಿತು. 1925ರಲ್ಲಿ ಆ ಮೂವರು ಇಬ್ಬರಾದರು. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಒಂದು ಋತುವಿನ ಗೋಲುಗಳ ಸಂಖ್ಯೆ 1192ರಿಂದ 1703ಕ್ಕೆ ಜಿಗಿಯಿತು. ತಂಡಗಳು ಗಾಬರಿಗೊಂಡು ಮಧ್ಯದ ಆಟಗಾರನನ್ನು ಹಿಂದಕ್ಕೆ ಎಳೆದು ರಕ್ಷಣೆಗೆ ನಿಲ್ಲಿಸಿದವು. ಹೀಗೆ ಒಂದು ಅಂಕಿ ಬದಲಾದದ್ದಕ್ಕೆ ಆಟದ ನಕ್ಷೆಯೇ ಬದಲಾಯಿತು. ಆದ್ದರಿಂದ ಈ ನಿಯಮವನ್ನು ಮುಟ್ಟುವಾಗ ಕೈ ನಡುಗಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ 1990ರಲ್ಲಿ ಬಂದ ತಿದ್ದುಪಡಿಯೊಂದಿದೆ. ಆಕ್ರಮಣಕಾರ ಎದುರಾಳಿಗೆ ಸಮನಾಗಿದ್ದರೆ ಅದು ಆಫ್‌ಸೈಡ್ ಅಲ್ಲ ಎಂದಿತು ಅದು. ಅದಕ್ಕೂ ಮೊದಲು ಸಮನಾಗಿದ್ದರೂ ತಪ್ಪೇ ಆಗಿತ್ತು. ಬಾವುಟ ಹಿಡಿದು ಅಂಚಿನಲ್ಲಿ ಓಡುವ ಲೈನ್ಸ್‌ಮನ್ ಕಣ್ಣಿಗೆ ‘ಸಮ’ ಎಂದರೆ ಒಂದು ಪಟ್ಟಿ. ಚೆಂಡನ್ನು ಒದೆಯುವ ಕಾಲು ಒಂದು ಕಡೆ, ಓಡುತ್ತಿರುವ ಇಬ್ಬರು ಮತ್ತೊಂದು ಕಡೆ. ಎರಡನ್ನೂ ಒಂದೇ ಕ್ಷಣದಲ್ಲಿ ನೋಡಬೇಕಾದವರು ಅಂಗುಲ ಅರ್ಧ ಅಂಗುಲ ಎಣಿಸುವುದು ಸಾಧ್ಯವಿರಲಿಲ್ಲ. ಆ ಪಟ್ಟಿಯೊಳಗೆ ಬಿದ್ದದ್ದೆಲ್ಲ ಸಮ. ಅದರ ಲಾಭ ಗೋಲು ಹೊಡೆಯಲು ಹೊರಟವನಿಗೆ ಸಿಗುತ್ತಿತ್ತು.

ಯಂತ್ರ ಬಂದ ಮೇಲೆ ಆ ಪಟ್ಟಿ ಸವೆದು ಗೆರೆಯಾಗಿದೆ. ಮಿಲಿಮೀಟರ್ ಲೆಕ್ಕದಲ್ಲಿ ಯಾವ ಎರಡು ದೇಹಗಳೂ ಸಮ ಇರುವುದಿಲ್ಲ. ನಿಯಮದ ಪುಸ್ತಕದಲ್ಲಿ ‘ಸಮ’ ಎಂಬ ಪದ ಈಗಲೂ ಅಚ್ಚಾಗಿದೆ, ಮೈದಾನದಲ್ಲಿ ಮಾತ್ರ ಅದು ಸತ್ತುಹೋಗಿದೆ. ಯಾರೂ ಮತ ಹಾಕದೆ, ಚರ್ಚೆ ಮಾಡದೆ, 1990ರ ಉದಾರತೆಯನ್ನು ನಾವು ಕಳೆದುಕೊಂಡೆವು. ನನಗೆ ನೋವಾಗುವುದು ಇದಕ್ಕೇ.

ಆ ಗೆರೆಯಾದರೂ ಎಷ್ಟು ನಂಬಿಕಸ್ಥ? ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾ ಎಂದುಕೊಳ್ಳಿ. ಎರಡು ಚಿತ್ರಗಳ ನಡುವಿನ ಅಂತರ ಸೆಕೆಂಡಿನ ಐವತ್ತನೇ ಒಂದು ಭಾಗ. ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಓಡುವ ಆಟಗಾರ ಅಷ್ಟರಲ್ಲಿ 16 ಸೆಂಟಿಮೀಟರ್ ಸಾಗಿರುತ್ತಾನೆ. ರಕ್ಷಕ ಅದೇ ಹೊತ್ತಿಗೆ ಎದುರು ದಿಕ್ಕಿನಲ್ಲಿ ಹೆಜ್ಜೆ ಹಾಕಿದ್ದರೆ ಅಂತರ ಇನ್ನಷ್ಟು ಹಿಗ್ಗುತ್ತದೆ. ಚೆಂಡಿಗೆ ಕಾಲು ತಾಗಿದ್ದು ಈ ಚಿತ್ರದಲ್ಲೋ ಮುಂದಿನದರಲ್ಲೋ ಎಂಬುದರ ಮೇಲೆ ಒಂದು ಗೋಲಿನ ಹಣೆಬರಹ ನಿಂತಿರುತ್ತದೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಇದನ್ನು ಬಹಳ ಸುಧಾರಿಸಿದರು. ಚಾವಣಿಯ ಕೆಳಗೆ 12 ಕ್ಯಾಮೆರಾಗಳು, ಪ್ರತಿ ಆಟಗಾರನ ಮೈಯ 29 ಬಿಂದುಗಳ ಮೇಲೆ ಅವುಗಳ ಕಣ್ಣು, ಚೆಂಡಿನೊಳಗೆ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುವ ಸಂವೇದಕ. ತೀರ್ಪು ಬೇಗ ಬಂತು, ಮನುಷ್ಯ ಕೈಯಾರೆ ಗೆರೆ ಎಳೆಯುವ ಗೊಂದಲ ತಗ್ಗಿತು. ಅದು ಒಳ್ಳೆಯ ಕೆಲಸವೇ. ಆದರೂ ಕಾಲ್ಬೆರಳು ಮುಂದಿದ್ದರೆ ಆ ಆಟಗಾರನಿಗೆ ಸಿಕ್ಕ ಲಾಭವೇನು ಎಂಬ ಪ್ರಶ್ನೆಗೆ ಕ್ಯಾಮೆರಾ ಉತ್ತರ ಕೊಡಲಾರದು.

ಆರ್ಸೆನಲ್ ತಂಡದ ಮಾಜಿ ತರಬೇತುದಾರ ಆರ್ಸೆನ್ ವೆಂಗರ್ ಒಂದು ದಾರಿ ಸೂಚಿಸಿದ್ದಾರೆ. ಗೋಲು ಹೊಡೆಯಬಲ್ಲ ಅಂಗಗಳಲ್ಲಿ ಒಂದಾದರೂ ರಕ್ಷಕನಿಗೆ ಸಮನಾಗಿದ್ದರೆ ಸಾಕು, ಆಟಗಾರ ಆಫ್‌ಸೈಡ್ ಅಲ್ಲ ಎನ್ನುತ್ತದೆ ಅದು. ಕಿರಿಯರ ಪಂದ್ಯಗಳಲ್ಲಿ ಪ್ರಯೋಗವೂ ನಡೆದಿದೆ. ವೆಂಗರ್ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಇದು ನನಗೆ ಹಿಡಿಸಿಲ್ಲ. ಸ್ಟ್ರೈಕರ್‌ಗೆ ಹೆಚ್ಚುಕಡಿಮೆ ಒಂದು ಇಡೀ ದೇಹದ ಮುನ್ನಡೆ ಕೊಟ್ಟರೆ ಯಾವ ರಕ್ಷಕನೂ ಧೈರ್ಯವಾಗಿ ಮುಂದೆ ಬಂದು ನಿಲ್ಲುವುದಿಲ್ಲ. ಎಲ್ಲರೂ ಗೋಲಿನ ಬಳಿ ಗುಂಪುಗೂಡುತ್ತಾರೆ. 1925ರ ಪಾಠ ಅದೇ ತಾನೆ?

ನಾನು ಕೇಳುವುದು ಅದಕ್ಕಿಂತ ಚಿಕ್ಕದು. ‘ಸಮ’ ಎಂಬುದಕ್ಕೆ ಒಂದು ಅಗಲವನ್ನು ನಿಯಮದಲ್ಲೇ ಬರೆಯಿರಿ. 20 ಸೆಂಟಿಮೀಟರ್ ಇರಲಿ, ಹೆಚ್ಚುಕಡಿಮೆ ಒಂದು ಗೇಣು. ಅದರೊಳಗಿದ್ದರೆ ಸಮ, ದಾಟಿದರೆ ಆಫ್‌ಸೈಡ್. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2021-22ರ ಋತುವಿನಿಂದ ಗೆರೆಗಳನ್ನು ದಪ್ಪ ಮಾಡಿ, ಒಂದರ ಮೇಲೊಂದು ಬಿದ್ದರೆ ಆಕ್ರಮಣಕಾರನ ಪರವಾಗಿ ತೀರ್ಪು ಕೊಡತೊಡಗಿತು. ದಿಕ್ಕು ಸರಿಯಾಗಿತ್ತು, ಅಗಲ ಮಾತ್ರ ಸಾಲದು. ಒಂದು ಲೀಗಿನ ರೂಢಿಯಾಗಿ ಉಳಿಯದೆ ಎಲ್ಲರಿಗೂ ಅನ್ವಯಿಸಬೇಕು.

ಹಾಗಾದರೆ ಗೇಣಿನ ಅಂಚಿನಲ್ಲೂ ಮಿಲಿಮೀಟರ್ ಜಗಳ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಬರುತ್ತದೆ. ಎಲ್ಲಿ ಗೆರೆ ಎಳೆದರೂ ಅದಕ್ಕೆ ಅಂಚು ಇದ್ದೇ ಇರುತ್ತದೆ. ಆದರೆ ಅಲ್ಲಿ ಸಿಕ್ಕಿಬೀಳುವವನು ಆಗಲೇ ಒಂದು ಗೇಣು ಮುಂದಿರುತ್ತಾನೆ. ಅವನಿಗೆ ಅನ್ಯಾಯವಾಯಿತೆಂದು ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಇಂದು ಶಿಕ್ಷೆ ಬೀಳುತ್ತಿರುವುದು ಓಟದ ಭರದಲ್ಲಿ ಭುಜ ಬಾಗಿಸಿದವನಿಗೆ, ಬೂಟಿನ ಅಳತೆ ಒಂದಂಕಿ ದೊಡ್ಡದಿದ್ದವನಿಗೆ.

ನಿಯಮ ಬದಲಿಸುವ ಅಧಿಕಾರ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಘ ಮಂಡಳಿಯದು. ಅಲ್ಲಿ ಇರುವುದು ಎಂಟೇ ಮತ. ನಾಲ್ಕು ಫಿಫಾದ ಕೈಯಲ್ಲಿ, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಸಂಘಗಳಿಗೆ ಒಂದೊಂದು. ಆರು ಮತ ಬಿದ್ದರೆ ತಿದ್ದುಪಡಿ ಆಯಿತು. ಆ ಗೇಣು 2024ರಲ್ಲೇ ನಿಯಮದಲ್ಲಿದ್ದಿದ್ದರೆ, ವೆಂಬ್ಲಿಯಲ್ಲಿ ಆ ಸಂಜೆ ರೆಫರಿ ಮೈದಾನದ ನಡುವಿನ ವೃತ್ತದತ್ತ ಕೈ ತೋರಿಸುತ್ತಿದ್ದರು, ಟೋರ್ಪ್ ಹೊಡೆದ ಗೋಲು ಉಳಿಯುತ್ತಿತ್ತು.

ನಮಸ್ಕಾರ.